ಹುಸಿವ್ರತ

"ಬೇಡ! ಆ ತಟ್ಟೆ ಮುಟ್ಟಬೇಡ ನೀನು!"

ಶಿವಗಂಗಮ್ಮನವರ ಧ್ವನಿ ಚಾಟಿಯಂತೆ ನಡುಮನೆಯನ್ನು ಸೀಳಿತು. ಜಗದಾಂಬೆಗೆ ಅಂದು ಮಡಿಲು ತುಂಬುವ ಶಾಸ್ತ್ರ. ಐದು ತಿಂಗಳ ಬಸುರಿ ಮಗಳು ಹಸಿರು ಸೀರೆಯುಟ್ಟು ಮಣೆಯ ಮೇಲೆ ಕುಳಿತಿದ್ದಳು. ಸುತ್ತ ರಾಜಾಜಿನಗರದ ಆ ಬೀದಿಯ ಮುತ್ತೈದೆಯರೆಲ್ಲ ನೆರೆದಿದ್ದರು. ಅಕ್ಕಿ, ಕೊಬ್ಬರಿಬಟ್ಟಲು, ಅರಿಸಿನದ ಕೊಂಬುಗಳನ್ನು ಜೋಡಿಸಿದ್ದ ಹಿತ್ತಾಳೆಯ ತಟ್ಟೆಯನ್ನು ಎತ್ತಲು ಬಾಗಿದ್ದ ಸೊಸೆ ನೀಲಮ್ಮ ಬಾಗಿದಂತೆಯೇ ನಿಂತುಬಿಟ್ಟಳು.

"ಅತ್ತೆ, ಎತ್ತಿಕೊಡೋಣ ಅಂತ ಅಷ್ಟೆ..."

"ಎತ್ತಿಕೊಡೋದೂ ಬೇಡ, ಹಾಕೋದೂ ಬೇಡ. ಈ ಮನೆ ಹೊಸ್ತಿಲು ದಾಟಿ ನಾಲ್ಕು ವರ್ಷ ಆಯ್ತು. ನಿನ್ನ ಮಡಿಲಲ್ಲಿ ಇರೋ ಬರಿದನ್ನ ನನ್ನ ಮಗಳ ಮಡಿಲಿಗೆ ಸುರಿಯಬೇಡ! ಹೋಗು, ಒಲೆ ಮೇಲೆ ಪಾಯಸ ತಳ ಹತ್ತೀತು."

"ಅವ್ವ, ಅತ್ತಿಗೆ ಹಾಕಲಿ ಬಿಡವ್ವ. ಏನಾಗುತ್ತೆ?" ಎಂದಳು ಜಗದಾಂಬೆ, ಅಳುವ ದನಿಯಲ್ಲಿ.

"ನೀನು ಸುಮ್ಮನಿರೇ. ಹೊಟ್ಟೇಲಿರೋದು ನೆಟ್ಟಗೆ ಭೂಮಿಗೆ ಬರೋವರೆಗೂ ನಿನ್ನ ಮಾತು ನಡೆಯಲ್ಲ."

ಹೆಂಗಸರು ತಮ್ಮ ತಮ್ಮ ಸೆರಗು ಸರಿಪಡಿಸಿಕೊಂಡರು. ಒಬ್ಬಿಬ್ಬರು ಕಣ್ಣನ್ನು ದೇವರಕೋಣೆಯ ಬಾಗಿಲತ್ತ ಹೊರಳಿಸಿದರು. ಅಲ್ಲಿ ನಿಂತಿದ್ದವನು ಆ ಮನೆಯ ಮಗ, ನೀಲಮ್ಮನ ಗಂಡ ಪಂಚಾಕ್ಷರಿ. ಅವನ ಬಾಯಿಂದ ಒಂದು ಮಾತು ಬಂದೀತೆಂದು ನೀಲಮ್ಮನೂ ಆ ಕಡೆಗೊಮ್ಮೆ ನೋಡಿದಳು. ಒಂದೇ ಒಂದು ಕ್ಷಣ... ಪಂಚಾಕ್ಷರಿ ಎದೆಯ ಮೇಲಿನ ಶಲ್ಯವನ್ನು ಬಿಗಿಯಾಗಿ ಹೊದೆದುಕೊಂಡು ದೇವರ ಕಡೆ ಮುಖ ತಿರುಗಿಸಿದ. ನೀಲಮ್ಮ ಅಡಿಗೆಮನೆಗೆ ಹೋದಳು.

ಆ ಮನೆಯ ತೊಟ್ಟಿಲು ಬರಿದಾಗಿರುವುದಕ್ಕೆ ಕಾರಣ ಯಾರೆಂಬುದು ಅಲ್ಲಿ ನೆರೆದಿದ್ದವರ ಪೈಕಿ ಒಬ್ಬನಿಗೆ ಮಾತ್ರ ತಿಳಿದಿತ್ತು. ಆ ಒಬ್ಬನು ವಿಭೂತಿಯ ಗಟ್ಟಿಯನ್ನು ಕೈಯಲ್ಲಿ ಹಿಡಿದು, ದೇವರಿಗೂ ಮುಖ ತೋರಲಾರದೆ, ಕಣ್ಣು ಮುಚ್ಚಿ ನಿಂತಿದ್ದ.

ಪಂಚಾಕ್ಷರಿ ಪ್ರೌಢಶಾಲೆಯ ಪಂಡಿತ. ಮೂವತ್ತನಾಲ್ಕರ ವಯಸ್ಸಿಗೇ ಹಳಗನ್ನಡ, ಸಂಸ್ಕೃತಗಳೆರಡರಲ್ಲೂ ಹೆಸರು ಮಾಡಿದವನು. ಎಂತಹ ಬಿಸಿಲಿನಲ್ಲೂ ಜುಬ್ಬದ ಮೇಲೆ ಎರಡು ಮಡಿಕೆಯ ಶಲ್ಯ ಹೊದ್ದು ಬರುವ ಅವನನ್ನು ಕಂಡು ಸಹೋದ್ಯೋಗಿಗಳು, "ನಮ್ಮ ಪಂಡಿತರದು ಹಳೆಯ ಕಾಲದ ಶಿಸ್ತು" ಎಂದು ಮೆಚ್ಚುತ್ತಿದ್ದರು. ಆ ಶಲ್ಯ ಏನನ್ನು ಮರೆಮಾಡಿತ್ತೆಂದು ತಿಳಿದಿದ್ದರೆ!

ಎರಡು ವರ್ಷದ ಹಿಂದೆ, ಒಂದು ಬೆಳಿಗ್ಗೆ ಸ್ನಾನ ಮುಗಿಸಿ ಲಿಂಗಪೂಜೆಗೆ ಕುಳಿತವನು ಕೊರಳಿನ ಲಿಂಗದ ಕರಡಿಗೆಯನ್ನು ಬಿಚ್ಚುವಾಗ ಅದರ ಬೆಳ್ಳಿಯ ಮೇಲೆ ತೇವವನ್ನು ಕಂಡಿದ್ದ. ಮೈ ಸರಿಯಾಗಿ ಒರೆಸಿಕೊಂಡಿಲ್ಲವೆಂದು ಭಾವಿಸಿದ. ಒರೆಸಿದ. ಮತ್ತೆ ತೇವ. ಅದು ನೀರಲ್ಲ; ಬೆಳ್ಳಗಿತ್ತು, ತುಸು ಅಂಟಾಗಿತ್ತು... ಅವನ ಎದೆಯಿಂದಲೇ ಒಸರುತ್ತಿತ್ತು! ಗಂಡಸಿನ ಎದೆಯಲ್ಲಿ ಹಾಲು! ಇಷ್ಟಲಿಂಗ ನೆಲಸುವ ಉರಸ್ಥಳವದು. ಹುಟ್ಟಿದಂದಿನಿಂದ ಶಿವನಿಗೆ ಮನೆಯಾಗಿದ್ದ ಜಾಗ. ಯಾವ ಜನ್ಮದ ಯಾವ ಪಾಪ ಹೀಗೆ ಹರಿಯುತ್ತಿದೆಯೋ ಎಂದು ಅವನು ಆ ದಿನ ನಡುಗಿಹೋದ. ಅಂದಿನಿಂದ ಬರಿಮೈಯಲ್ಲಿ ಪೂಜೆಗೆ ಕೂರುವುದನ್ನು ಬಿಟ್ಟ. ಕರಡಿಗೆಗೆ ಬಟ್ಟೆ ಸುತ್ತಿದ.

ಅದಕ್ಕೂ ಮೊದಲೇ ಇನ್ನೊಂದು ಅವನನ್ನು ಬಿಟ್ಟುಹೋಗಿತ್ತು. ತಂದೆ ಚನ್ನಮಲ್ಲಪ್ಪನವರು ಊಟಕ್ಕೆ ಕುಳಿತಲ್ಲೇ ಲಕ್ವ ಹೊಡೆದು ತೀರಿಕೊಂಡ ಮೇಲೆ, ಕೆಲವೇ ತಿಂಗಳಲ್ಲಿ, ಹೆಂಡತಿಯ ಬಳಿ ಸಾರುವ ಆಸೆ ಅವನಲ್ಲಿ ಆರಿಹೋಯಿತು, ಆಸೆಯೊಡನೆ ಶಕ್ತಿಯೂ. ಎರಡು ಸಲ ಸೋತ ನಂತರ ಮೂರನೆಯ ಸಲ ಸೋಲುವ ಧೈರ್ಯ ಅವನಿಗಿರಲಿಲ್ಲ. ನೀಲಮ್ಮ ಒಂದು ಸಂಜೆ, "ನನ್ನಿಂದ ಏನಾದರೂ ತಪ್ಪಾಯ್ತಾ?" ಎಂದು ಕೇಳಿದಾಗ, ನಾಲಗೆ ತಾನಾಗಿಯೇ ಒಂದು ಸುಳ್ಳನ್ನು ಹೆಣೆದಿತ್ತು.

"ಅಪ್ಪನ ಸದ್ಗತಿಗೋಸ್ಕರ ಬ್ರಹ್ಮಚರ್ಯದ ವ್ರತ ಹಿಡಿದಿದೀನಿ ಕಣೆ. ಯಾರಿಗೂ ಹೇಳಬೇಡ. ಹೇಳಿದರೆ ವ್ರತ ಕೆಡುತ್ತೆ."

ನೀಲಮ್ಮ ಅವನ ಪಾದ ಮುಟ್ಟಿ ನಮಸ್ಕರಿಸಿದ್ದಳು! ಗಂಡನ ವ್ರತಕ್ಕೆ ತನ್ನದೂ ಪಾಲಿರಲಿ ಎಂದು ಅಂದಿನಿಂದ ಸೋಮವಾರಗಳಂದು ನೀರನ್ನೂ ಮುಟ್ಟದೆ ಉಪವಾಸ ನಿಂತಳು, ಬರಿಯ ಚಾಪೆಯ ಮೇಲೆ ಮಲಗಿದಳು. ಅತ್ತೆ "ಬಂಜೆ" ಎಂದರೂ, ನೆರೆಯವರು ಕನಿಕರ ತೋರಿದರೂ, ವ್ರತಭಂಗವಾದೀತೆಂದು ತುಟಿ ಬಿಚ್ಚಲಿಲ್ಲ. ಮೂರು ವರ್ಷ... ಒಂದು ಹುಸಿಯನ್ನು ಅವಳು ದೇವರಂತೆ ಕಾಪಾಡಿದ್ದಳು.

ಮಡಿಲು ತುಂಬಿದ ಮರುದಿನವೇ ಸೋದರಮಾವ ರೇವಣಸಿದ್ದಯ್ಯ ಬಂದಿಳಿದರು. ವೀಳ್ಯದೆಲೆಯ ನರವನ್ನು ಉಗುರಿನಿಂದ ತೆಗೆಯುತ್ತ, ಅಡಿಗೆಮನೆಗೆ ಕೇಳಿಸುವಷ್ಟೇ ಗಟ್ಟಿಯಾಗಿ ಮಾತು ತೆಗೆದರು.

"ನೋಡಪ್ಪ ಪಂಚಾಕ್ಷರಿ, ಮೊದಲಿನ ಹಾಗಲ್ಲ ಈಗ. ಹೋದ ವರ್ಷ ಕಾನೂನು ಬಂದಿದೆ. ಗಂಡ ಹೆಂಡತಿ ಇಬ್ಬರೂ ಒಪ್ಪಿ ಬರೆದುಕೊಟ್ಟರೆ ಕೋರ್ಟೇ ಬಿಡುಗಡೆ ಕೊಡುತ್ತೆ. ಜಗಳ ಇಲ್ಲ, ಗಲಾಟೆ ಇಲ್ಲ. ನಮ್ಮ ಬಸವರಾಜೇಶ್ವರಿಗೆ ಹತ್ತೊಂಬತ್ತು ತುಂಬಿತು. ಹೊರಗಿನವಳೇನಲ್ಲ, ಸೋದರಮಾವನ ಮಗಳು. ಹಕ್ಕಿನ ಹೆಣ್ಣು."

"ಮಾವ, ನನಗೆ ಇನ್ನೊಂದು ಮದುವೆ ಬೇಡ."

"ನಿನಗೆ ಬೇಡ, ನಿಮ್ಮಪ್ಪನ ವಂಶಕ್ಕೆ ಬೇಕಲ್ಲಪ್ಪ! ಪಂಡಿತ ನೀನು, ನಿನಗೆ ನಾನು ಹೇಳಬೇಕೆ?"

"ಅವನನ್ನ ಏನು ಕೇಳ್ತೀಯ ರೇವಣ್ಣ?" ಎಂದರು ಶಿವಗಂಗಮ್ಮ. "ಅವನದು ಹಸುವಿನ ಸ್ವಭಾವ. ಆಷಾಢ ಕಳೀಲಿ. ಶ್ರಾವಣದ ಮೊದಲನೇ ಭಾನುವಾರ ನೀಲಮ್ಮನ ಅಪ್ಪನನ್ನೂ ಕರೆಸಿ ಕಾಗದ ಮಾಡಿಸೋಣ."

ಪಂಚಾಕ್ಷರಿ ಹಿತ್ತಲಿಗೆ ಹೋದಾಗ ನೀಲಮ್ಮ ಬಿಲ್ವದ ಗಿಡದ ಬಳಿ ಪಾತ್ರೆ ಬೆಳಗುತ್ತಿದ್ದಳು. ಬೂದಿ ಮೆತ್ತಿದ ಕೈಗಳನ್ನು ನಿಲ್ಲಿಸದೆಯೇ ನುಡಿದಳು:

"ಕೇಳಿಸ್ತು. ನಾನು ರುಜು ಹಾಕ್ತೀನಿ ಕಣ್ರೀ."

"ನೀಲಾ..."

"ನಿಮ್ಮ ವ್ರತ ಎಂದಾದರೂ ಒಂದು ದಿನ ಮುಗಿಯುತ್ತಲ್ಲ. ಆಮೇಲೆ ನಿಮಗೆ ಒಂದು ಮಗು ಆಗಲಿ. ನಾನು ಇದ್ದರೆ ಅತ್ತೆ ಮನಸ್ಸಿನ ಬೆಂಕಿ ಆರಲ್ಲ. ನನ್ನಿಂದ ವ್ರತದ ಸುದ್ದಿ ಆಚೆ ಬರಲ್ಲ, ಹೆದರಬೇಡಿ."

ಹೆದರಬೇಡಿ! ತನ್ನನ್ನು ಬೀದಿಗೆ ತಳ್ಳುತ್ತಿರುವವನಿಗೆ ಅಭಯ ನೀಡುತ್ತಿದ್ದಾಳೆ ಈ ಹೆಣ್ಣು! ಸತ್ಯವನ್ನು ಅಲ್ಲೇ ಒದರಿಬಿಡಬೇಕೆನ್ನಿಸಿತು ಅವನಿಗೆ. ಆದರೆ ಆ ಮಾತಿನ ಹಿಂದೆ ಎದೆಯ ಹಾಲೂ ಬರಬೇಕಿತ್ತಲ್ಲ... ಅವನು ಒಳಗೆ ಬಂದ. ಆ ಸಂಜೆ ದೀಪ ಹಚ್ಚಿದ ಮೇಲೆ ತಾಯಿ ಎಂದಿನಂತೆ ಹಾಲಿನ ಲೋಟ ತಂದಿತ್ತಾಗ, ತಲೆಯೆತ್ತದೆಯೇ ಕುಡಿದ.

ಆಷಾಢದ ಒಂದು ಮಂಗಳವಾರ, ಶಾಲೆಗೆ ರಜೆ ಬರೆದು, ಪಂಚಾಕ್ಷರಿ ಊರಿನ ದೊಡ್ಡ ಆಸ್ಪತ್ರೆಯೊಂದರ ಚೀಟಿಯ ಸಾಲಿನಲ್ಲಿ ನಿಂತ. ಹೆಸರೇನೆಂದು ಗುಮಾಸ್ತ ಕೇಳಿದಾಗ ತನ್ನ ಹೆಸರು ಬಾಯಿಗೆ ಬರಲಿಲ್ಲ. "ಚನ್ನಮಲ್ಲಪ್ಪ" ಎಂದ. ಸತ್ತ ತಂದೆಯ ಹೆಸರು! ಕಸುಬು ಮಾತ್ರ ಮೇಷ್ಟ್ರೆಂದು ನಿಜ ಬರೆಸಿದ. ಒಳಗಿನಿಂದ ದಾದಿ, "ಚನ್ನಮಲ್ಲಪ್ಪ... ಚನ್ನಮಲ್ಲಪ್ಪ ಯಾರ್ರೀ?" ಎಂದು ಮೂರು ಸಲ ಕೂಗಿದರೂ, ತಂದೆಯೇ ಎದ್ದು ಬರಬೇಕೆಂಬಂತೆ ಬಾಗಿಲನ್ನು ನೋಡುತ್ತ ಕುಳಿತಿದ್ದ. ನಾಲ್ಕನೆಯ ಕೂಗಿಗೆ ಎದ್ದ.

ಡಾಕ್ಟರ್ ವೆಂಕಟರಮಣಪ್ಪ ನಲವತ್ತರ ಆಸುಪಾಸಿನ, ಮಾತಿನಲ್ಲಿ ಮುಲಾಜಿಲ್ಲದ ಮನುಷ್ಯ. ರೋಗಿ ಶಲ್ಯವನ್ನು ತೆಗೆಯಲು ತಡಮಾಡಿದ್ದನ್ನು ಕಂಡು ನಕ್ಕರು.

"ಮೇಷ್ಟ್ರೇ, ಇಲ್ಲಿ ನಾಚಿಕೆಗೆ ಬೇರೆ ಚೀಟಿ ಮಾಡಿಸಬೇಕು. ನಿಮ್ಮ ಹತ್ರ ಇರೋದು ಕಾಯಿಲೆ ಚೀಟಿ. ತೆಗೀರಿ."

ತೆಗೆದ. ಹೇಳಿದ. ಮೂರು ವರ್ಷದ ಮಾತು ಮೂರು ನಿಮಿಷದಲ್ಲಿ ಮುಗಿದುಹೋಯಿತು. ಡಾಕ್ಟರು ನಗಲಿಲ್ಲ. ನಾಡಿ ನೋಡಿದರು, ರಕ್ತದೊತ್ತಡ ನೋಡಿದರು, ಕಣ್ಣಿಗೆ ದೀಪ ಹಿಡಿದರು, ಸದಾ ಮೂಗು ಕಟ್ಟಿರುತ್ತದೆಯೆಂಬುದನ್ನೂ ಬರೆದುಕೊಂಡರು. ರಕ್ತವನ್ನು ಬೊಂಬಾಯಿಯ ಪ್ರಯೋಗಾಲಯಕ್ಕೆ ಕಳುಹಿಸಿದರು. ಮೂರು ವಾರದ ಮೇಲೆ ಅವನು ಮತ್ತೆ ಹೋದಾಗ ವರದಿ ಮೇಜಿನ ಮೇಲಿತ್ತು.

"ಕೂತ್ಕೊಳ್ಳಿ. ಮೂಗಿನ ಹಿಂದೆ, ಮಿದುಳಿನ ಬುಡದಲ್ಲಿ ಒಂದು ಗ್ರಂಥಿ ಇದೆ, ಕಡಲೆಕಾಳಿನಷ್ಟು. ಬಾಣಂತಿಗೆ ಹಾಲಿಳಿಸೋ ಪ್ರೊಲ್ಯಾಕ್ಟಿನ್ ಅನ್ನೋ ರಸ ಹುಟ್ಟೋದು ಅಲ್ಲೇ. ಗಂಡಸರಲ್ಲೂ ಚೂರು ಇರುತ್ತೆ. ಅದನ್ನ ರಕ್ತದಲ್ಲಿ ಅಳೆಯೋದು ಕಲಿತು ಆರೇಳು ವರ್ಷ ಆಯ್ತು ಅಷ್ಟೆ. ನಿಮ್ಮಲ್ಲಿ ಅದು ಇರಬೇಕಾದ್ದಕ್ಕಿಂತ ನಾಲ್ಕು ಪಟ್ಟು ಇದೆ."

"ಅದರಿಂದ...?"

"ಅದು ಏರಿದರೆ, ವೃಷಣಕ್ಕೆ ಆ ಗ್ರಂಥಿಯಿಂದ ಹೋಗಬೇಕಾದ ಅಪ್ಪಣೆ ಕುಗ್ಗುತ್ತೆ. ಗಂಡಸುತನ ಕೊಡೋ ಟೆಸ್ಟೋಸ್ಟೆರಾನ್ ಹುಟ್ಟೋದೇ ಕಡಿಮೆಯಾಗುತ್ತೆ. ಹುಟ್ಟಿದ್ದು ಕೂಡ ಮೈಯೊಳಗೆ ತನ್ನ ಬಲವಾದ ರೂಪಕ್ಕೆ ಸರಿಯಾಗಿ ಬದಲಾಗಲ್ಲ ಅಂತ ಈಚೆಗೆ ಕೆಲವರು ಬರೀತಿದಾರೆ. ಆಸೆ ಆರುತ್ತೆ, ಶಕ್ತಿ ಕುಂದುತ್ತೆ, ಹಾಲು ಒಸರುತ್ತೆ. ಪಾಪಾನೂ ಅಲ್ಲ, ಶಾಪಾನೂ ಅಲ್ಲ ಮೇಷ್ಟ್ರೇ. ತಕ್ಕಡಿಯ ಒಂದು ತಟ್ಟೆ ಏರಿದೆ, ಇನ್ನೊಂದು ಇಳಿದಿದೆ."

ಪಂಚಾಕ್ಷರಿಯ ಕಣ್ಣು ತುಂಬಿ ಬಂತು. ಪಾಪವಲ್ಲವೆ? ಎರಡು ವರ್ಷ ದೇವರ ಮುಂದೆ ಅಪರಾಧಿಯಂತೆ ಕುಳಿತಿದ್ದೆನಲ್ಲ!

"ಒಂದು ಮಾತು ಕೇಳ್ತೀನಿ, ಸರಿಯಾಗಿ ಹೇಳಿ. ಏನಾದರೂ ಮದ್ದು ತಗೋತಿದೀರಾ? ಬಿ.ಪಿ.ಗೆ, ನಿದ್ದೆಗೆ, ಮನಸ್ಸಿನ ಬೇಜಾರಿಗೆ? ಕೆಲವು ಮದ್ದುಗಳೇ ಇದನ್ನ ಏರಿಸಿಬಿಡ್ತವೆ."

"ಇಲ್ಲ ಸಾರ್."

"ಏನೂ ಇಲ್ವಾ?"

"ಏನೂ ಇಲ್ಲ."

ಅವನು ಬೇಕೆಂದು ಸುಳ್ಳು ಹೇಳಿದನೆನ್ನಲಾಗದು. ತಾಯಿ ಸಂಜೆಯ ಹಾಲಿನಲ್ಲಿ ಕದಡಿ ಕೊಡುತ್ತಿದ್ದ ಪುಡಿಯನ್ನು ಅವನು ಔಷಧವೆಂದು ಎಣಿಸುವುದನ್ನೇ ಬಿಟ್ಟಿದ್ದ. ವೈದ್ಯರ ಮನೆತನದಲ್ಲಿ ಹುಟ್ಟಿದ ಶಿವಗಂಗಮ್ಮ, ಗಂಡ ತೀರಿಕೊಂಡ ತಿಂಗಳೇ, ಮಗನ ತಲೆನೋವಿಗೂ ಏರಿದ್ದ ರಕ್ತದೊತ್ತಡಕ್ಕೂ ಹೆದರಿ, ತವರಿನ ಆ ಮದ್ದನ್ನು ಪ್ರಾರಂಭಿಸಿದ್ದರು. ಅವನ ಕೈಯನ್ನು ಕರಡಿಗೆಯ ಮೇಲೆ ಇರಿಸಿ ಮಾತು ತೆಗೆದುಕೊಂಡಿದ್ದರು: "ಇದರ ಸುದ್ದಿ ಇನ್ನೊಬ್ಬ ವೈದ್ಯನ ಕಿವಿಗೆ ಬೀಳಬಾರದು. ಇದರ ಹೆಸರು ನನ್ನ ನಾಲಗೆ ಮೇಲೂ ಬರಬಾರದು. ಹೆಸರು ಹೇಳಿದ ದಿನ ಮದ್ದಿನ ಗುಣ ಹೋಗುತ್ತೆ." ಅಂದಿನಿಂದ ಅದು ಪಾದೋದಕದಷ್ಟೇ ಸಹಜವಾಗಿ ಅವನ ದಿನಚರಿಯಲ್ಲಿ ಸೇರಿಹೋಗಿತ್ತು. ಪ್ರಶ್ನೆ ಕೇಳಿದಾಗ ಆ ಲೋಟ ನೆನಪಿಗೆ ಬಾರದಷ್ಟು ಸಹಜವಾಗಿ.

ಡಾಕ್ಟರು ವರದಿಯನ್ನು ಮಡಿಸಿಟ್ಟರು.

"ಮದ್ದು ಇಲ್ಲ ಅಂದರೆ ಆ ಗ್ರಂಥಿಯಲ್ಲೇ ಗೆಡ್ಡೆ ಬೆಳೆದಿರಬಹುದು. ತಲೆಯ ಎಕ್ಸ್‌ರೇ ಆಗಬೇಕು. ಬೆಳೆದಿದ್ದರೆ ಆಪರೇಷನ್ನು. ಬಿಟ್ಟರೆ ಕಣ್ಣಿಗೂ ಅಪಾಯ. ಸೋಮವಾರ ಬನ್ನಿ, ಮನೆಯವರನ್ನ ಕರ್ಕೊಂಡು ಬನ್ನಿ."

ಸೋಮವಾರದ ಹಿಂದಿನ ದಿನವೇ ಶ್ರಾವಣದ ಮೊದಲ ಭಾನುವಾರ.

ನಡುಮನೆಯಲ್ಲಿ ಜಮಖಾನ ಹಾಸಿತ್ತು. ಕೆಂಗೇರಿಯಿಂದ ನೀಲಮ್ಮನ ತಂದೆ ಏಕಾಂತಯ್ಯ ಬಂದಿದ್ದರು; ಮಗಳನ್ನು ಹೆತ್ತದ್ದೇ ಅಪರಾಧವೆಂಬಂತೆ ಗೋಡೆಗೆ ಒರಗಿ, ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಕುಳಿತಿದ್ದರು. ರೇವಣಸಿದ್ದಯ್ಯ ವಕೀಲರು ಬರೆದುಕೊಟ್ಟ ಕಾಗದವನ್ನು ಓದಿದರು. ಒಳಗೆ ಜಗದಾಂಬೆಯ ಬಿಕ್ಕಳಿಕೆ ಕೇಳುತ್ತಿತ್ತು.

"ಬಾಮ್ಮ ನೀಲಮ್ಮ. ಇಲ್ಲಿ, ಕೆಳಗೆ ನಿನ್ನ ರುಜು. ನಿನ್ನ ಮನಸ್ಸು ದೊಡ್ಡದು. ಯಾರೂ ನಿನ್ನನ್ನ ಹೊರಗೆ ಹಾಕಿದರು ಅಂತ ಅನ್ನೋ ಹಾಗಿಲ್ಲ ನೋಡು, ನೀನೇ ಒಪ್ಪಿ ಹೋಗ್ತಿದೀಯ."

ನೀಲಮ್ಮ ಸೆರಗನ್ನು ಹೊದ್ದು ಬಂದು ಕುಳಿತಳು. ಲೇಖನಿಯನ್ನು ಹಿಡಿದಳು. ತಂದೆಯ ಮುಖ ನೋಡಲಿಲ್ಲ, ಅತ್ತೆಯ ಮುಖ ನೋಡಲಿಲ್ಲ. "ನೀ" ಎಂಬ ಮೊದಲಕ್ಷರ ಕಾಗದದ ಮೇಲೆ ಮೂಡಿತು...

"ನಿಲ್ಲಿಸು!"

ಅದು ತನ್ನದೇ ದನಿಯೆಂದು ಪಂಚಾಕ್ಷರಿಗೆ ತಕ್ಷಣ ತಿಳಿಯಲಿಲ್ಲ. ಎದ್ದು ನಿಂತಿದ್ದ.

"ದೋಷ ಅವಳಲ್ಲಿಲ್ಲ ಮಾವ. ನನ್ನಲ್ಲಿದೆ. ಮೂರು ವರ್ಷದಿಂದ ನಾನು ಅವಳ ಗಂಡನಾಗಿ ಬಾಳಿಲ್ಲ. ಬಾಳೋ ಶಕ್ತಿ ನನಗಿಲ್ಲ."

"ಏನು ಮಾತು ಅಂತ ಆಡ್ತಿದೀಯೋ! ಹೆಂಡತಿ ಮೇಲಿನ ಕನಿಕರಕ್ಕೆ ಯಾರಾದರೂ..."

"ಕನಿಕರ ಅಲ್ಲ!"

ಶಲ್ಯವನ್ನು ಕಿತ್ತೆಸೆದ. ಜುಬ್ಬದ ಗುಂಡಿಗಳನ್ನು ಬಿಚ್ಚಿದ. ಬನಿಯನ್ನಿನ ಮೇಲೆ, ಕರಡಿಗೆಯ ಇಕ್ಕೆಲದಲ್ಲೂ, ಒದ್ದೆಯಾದ ಎರಡು ಕಲೆಗಳು... ಹಸುಗೂಸಿನ ತಾಯಂದಿರ ಕುಪ್ಪಸದ ಮೇಲೆ ಮಾತ್ರ ಕಾಣುವಂಥವು. ಮೂವತ್ತನಾಲ್ಕು ವರ್ಷದ ಆ ಪಂಡಿತ ಹಿರಿಯರ ಎದುರಿಗೆ ಎದೆ ತೆರೆದು ನಿಂತು, ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ.

ಮೊದಲು ಬಾಯಿ ತೆರೆದವರು ರೇವಣಸಿದ್ದಯ್ಯನೇ.

"ಶಿವ ಶಿವಾ! ಇದೆಂಥ ಹೆಂಗಸಿನ ಕಾಯಿಲೆಯಯ್ಯ! ಇದನ್ನ ಮುಚ್ಚಿಟ್ಟುಕೊಂಡು ನನ್ನ ಮಗಳನ್ನ ತಗೊಳ್ಳೋಕೆ ಹೊರಟಿದ್ದೆಯಾ?" ಕಾಗದವನ್ನು ಮಡಿಸಿ ಜೇಬಿಗೆ ತುರುಕಿ, ಚಪ್ಪಲಿ ಮೆಟ್ಟಿ ನಡೆದೇಬಿಟ್ಟರು.

ಪಂಚಾಕ್ಷರಿ ತಾಯಿಯ ಮುಂದೆ ಮಂಡಿಯೂರಿದ.

"ಅವ್ವ, ಡಾಕ್ಟರ ಹತ್ರ ಹೋಗಿದ್ದೆ. ಮಿದುಳಿನ ಬುಡದ ಗ್ರಂಥಿ ಕೆಟ್ಟಿದೆಯಂತೆ. ಕೆಲವರಿಗೆ ಮದ್ದಿನಿಂದ ಹೀಗಾಗುತ್ತಂತೆ. ನಾನು ಯಾವ ಮದ್ದೂ ತಗೊಳ್ಳಲ್ಲ ಅಂದೆ. ಹಾಗಾದರೆ ಗೆಡ್ಡೆ ಇರಬೇಕು, ತಲೆ ಆಪರೇಷನ್ ಮಾಡಬೇಕಾಗಬಹುದು ಅಂದರು."

"ಯಾವ ಮದ್ದೂ ಇಲ್ಲ ಅಂದೆಯಾ..." ಶಿವಗಂಗಮ್ಮನವರ ದನಿ ಬಾವಿಯೊಳಗಿಂದ ಬಂದಂತಿತ್ತು.

"ಹೂಂ ಅವ್ವ."

ಆಕೆ ಗೋಡೆಗೆ ಕೈಯಿಟ್ಟು ಮೆಲ್ಲನೆ ಕುಸಿದು ಕುಳಿತರು. ಮುಖದಿಂದ ರಕ್ತವೆಲ್ಲ ಇಳಿದುಹೋಗಿತ್ತು.

"ನಮ್ಮಪ್ಪ ಹೇಳಿದ್ದ... ನಲವತ್ತೆಂಟು ದಿನ ಕೊಡು, ಆಮೇಲೆ ನಿಲ್ಲಿಸು, ಇದು ಮೈಯ ಕಾವನ್ನೇ ಇಳಿಸೋ ಬೇರು ಅಂತ. ನಿಲ್ಲಿಸಿದರೆ ನೀನೂ ನಿಮ್ಮಪ್ಪನ ಹಾಗೆ ತಟ್ಟೆ ಮುಂದೆ ಕೂತಲ್ಲೇ... ಆ ಹೆದರಿಕೆಗೆ ನಾನು ನಿಲ್ಲಿಸಲೇ ಇಲ್ಲ ಮಗನೇ! ಮೂರೂವರೆ ವರ್ಷ!" ಎದೆ ಎದೆ ಬಡಿದುಕೊಂಡರು. "ಸರ್ಪಗಂಧಿ ಕಣೋ ಅದು! ಸರ್ಪಗಂಧಿಯ ಬೇರು! ಹೇಳಿಬಿಟ್ಟೆ, ನಮ್ಮಪ್ಪನಿಗೆ ಕೊಟ್ಟ ಮಾತು ಸುಟ್ಟುಹೋಗಲಿ, ಮದ್ದಿನ ಗುಣಾನೂ ಸುಟ್ಟುಹೋಗಲಿ... ಹೋಗಿ ನಿನ್ನ ಡಾಕ್ಟರಿಗೆ ಹೇಳು! ನನ್ನ ಮಗನ ತಲೆಗೆ ಕತ್ತಿ ಇಡಬೇಡಿ ಅಂತ ಹೇಳು!"

ಅನಂತರ ಅವರ ಕಣ್ಣು ಸೊಸೆಯ ಮೇಲೆ ಬಿತ್ತು. ಕೈಗಳು ತಾವಾಗಿಯೇ ಕೂಡಿದವು. "ನೀಲಮ್ಮ... ನನ್ನ ಕೈಯಿಂದಲೇ ಆದದ್ದಕ್ಕೆ ನಿನ್ನನ್ನ ಬಂಜೆ ಅಂದೆನಲ್ಲೇ ತಾಯಿ..."

ನೀಲಮ್ಮ ಅತ್ತೆಯ ಮಾತನ್ನು ಕೇಳಿದಂತಿರಲಿಲ್ಲ. ಲೇಖನಿ ಇನ್ನೂ ಕೈಯಲ್ಲೇ ಇತ್ತು. ಗಂಡನನ್ನೇ ನೋಡುತ್ತಿದ್ದಳು.

"ಹಾಗಾದರೆ... ವ್ರತ?"

ಪಂಚಾಕ್ಷರಿ ತಲೆ ತಗ್ಗಿಸಿದ.

"ವ್ರತ ಇರಲೇ ಇಲ್ವಾ?"

"ಇರಲಿಲ್ಲ ನೀಲಾ. ನಾಚಿಕೆಗೆ ಹೇಳಿದ ಸುಳ್ಳು."

"ಕಾಯಿಲೆ ಅಂದಿದ್ದರೆ ನಾನು ಹೇಸ್ತಿದ್ದೆನಾ?" ಅವಳ ದನಿ ಏರಲಿಲ್ಲ, ಏರಿದ್ದರೆ ಅವನಿಗೆ ಸಹಿಸಲು ಸುಲಭವಾಗುತ್ತಿತ್ತು. "ಬಟ್ಟೆ ಒದ್ದೆಯಾದರೆ ಒಗೆದು ಹಾಕ್ತಿದ್ದೆ. ಯಾರಿಗೂ ಕಾಣದ ಹಾಗೆ ನೆರಳಲ್ಲಿ ಒಣಗಿಸ್ತಿದ್ದೆ. ಮಕ್ಕಳಿಲ್ಲದಿದ್ದರೆ ನಿಮ್ಮ ಜೊತೆ ಹಾಗೇ ಮುದುಕಿ ಆಗ್ತಿದ್ದೆ. ಮೂರು ವರ್ಷ ಸೋಮವಾರ ಸೋಮವಾರ ನೀರು ಬಿಟ್ಟು ಶಿವನ ಮುಂದೆ ಕೂತು, ನನ್ನ ಗಂಡನ ವ್ರತ ಕೆಡದೆ ಇರಲಿ ಅಂತ ಬೇಡಿದೆನಲ್ಲ ನಾನು! ಇಲ್ಲದ ವ್ರತಕ್ಕೆ! ನನಗೂ ಶಿವನಿಗೂ ನಡುವೆ ಒಂದು ಸುಳ್ಳನ್ನ ತಂದಿಟ್ಟಿರಲ್ಲ..."

ಲೇಖನಿಯನ್ನು ಜಮಖಾನದ ಮೇಲಿಟ್ಟು ಎದ್ದಳು. "ನಡೀರಿ ಅಪ್ಪ, ಬಸ್ಸು ಸಿಗುತ್ತೆ."

"ಏನೂ ತಗೊಳ್ಳಲ್ವೇನಮ್ಮ?" ಎಂದರು ಏಕಾಂತಯ್ಯ.

"ಬೇಡ."

ಸೋಮವಾರ ಶಿವಗಂಗಮ್ಮನವರೇ ಮಗನೊಡನೆ ಆಸ್ಪತ್ರೆಗೆ ಹೋದರು. ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಹೋಗಿದ್ದ ಬೇರನ್ನು ಬಿಚ್ಚಿ ಮೇಜಿನ ಮೇಲಿಟ್ಟರು. ವೆಂಕಟರಮಣಪ್ಪನವರು ಅದನ್ನು ಮೂಸಿ ನೋಡಿ ಹಣೆ ಬಡಿದುಕೊಂಡರು.

"ನಿಧಾನವಾದ ನಾಡಿ, ಕಟ್ಟಿದ ಮೂಗು, ಇಳಿದ ಬಿ.ಪಿ. ನನಗೇ ಹೊಳೀಬೇಕಿತ್ತು! ಅಜ್ಜಿ, ಈ ಬೇರಿನ ಸತ್ವದಿಂದಲೇ ನಾವೂ ಮಾತ್ರೆ ಮಾಡ್ತೀವಿ. ನಿಮ್ಮಪ್ಪ ಸಾಮಾನ್ಯ ವೈದ್ಯ ಅಲ್ಲ. ಆದರೆ ಆತ ಹೇಳಿದ ಗಡುವು ನೀವು ಮೀರಿದಿರಿ. ಮೇಷ್ಟ್ರೇ, ನಿಮಗೊಂದು ಮಾತು. ಗಂಟಲಿನಿಂದ ಕೆಳಗಿಳಿಯೋದೆಲ್ಲ ಮದ್ದೇ. ಅಮ್ಮ ಕೊಟ್ಟರೂ ಮದ್ದೇ."

ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಪುಡಿ ನಿಂತಿತು. ಉಪ್ಪು ಕಡಿಮೆಯಾಯಿತು, ಬೇರೆ ಮಾತ್ರೆ ಬಂತು. ದಸರೆಯ ಹೊತ್ತಿಗೆ ಎದೆ ಒಣಗಿತು; ಕಾರ್ತಿಕದಲ್ಲಿ ಬಂದ ಎರಡನೆಯ ವರದಿಯಲ್ಲಿ ಪ್ರೊಲ್ಯಾಕ್ಟಿನ್ ತನ್ನ ಮೇರೆಗೆ ಇಳಿದಿತ್ತು. ಮಂಕು ಹರಿದು, ಮೈಯಲ್ಲಿ ಎಂದೋ ಮರೆತ ಚೈತನ್ಯ ತಲೆದೋರಿತ್ತು. ಆದರೆ ದೇಹ ಸ್ವಸ್ಥವಾದಷ್ಟೂ ಪಂಚಾಕ್ಷರಿಯ ಲಜ್ಜೆ ಹೆಚ್ಚಿತೇ ಹೊರತು ಇಳಿಯಲಿಲ್ಲ. ದೇಹದ ದೋಷ ಬೇರಿನದು. ನಾಲಗೆಯ ದೋಷ ಯಾರದು? ಅದಕ್ಕೆ ಬೊಂಬಾಯಿಯಲ್ಲೂ ಪರೀಕ್ಷೆಯಿಲ್ಲ.

"ನಾನೂ ಬರ್ತೀನಿ ಕಣೋ ಕೆಂಗೇರಿಗೆ. ಅವಳ ಕಾಲು ಹಿಡ್ಕೊಳ್ತೀನಿ," ಎಂದರು ಶಿವಗಂಗಮ್ಮ.

"ನೀನು ಕಾಲು ಹಿಡಿದರೆ ಅವಳು ಬಂದುಬಿಡ್ತಾಳೆ ಅವ್ವ. ಹಾಗೆ ಬರೋದು ಬೇಡ."

ಮಾರ್ಗಶಿರದ ಒಂದು ಭಾನುವಾರ ಅವನು ಒಬ್ಬನೇ ಮೈಸೂರು ರಸ್ತೆಯ ಬಸ್ಸು ಹಿಡಿದು ಹಳೆಯ ಕೆಂಗೇರಿಯಲ್ಲಿ ಇಳಿದ. ಏಕಾಂತಯ್ಯನವರ ಮನೆಯ ಜಗಲಿಯ ಮೇಲೆ ಬೀದಿಯ ಐದಾರು ಹೆಂಗಸರು ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕದ ಮನೆಯ ಅಂಜನಮ್ಮ, ಎಪ್ಪತ್ತರ ಮುದುಕಿ, ಅವನನ್ನು ಗುರುತಿಸಿ ಬಾಯ್ತುಂಬ ನಕ್ಕಳು.

"ಏನಪ್ಪ ಅಳಿಯಂದಿರೇ, ನಮ್ಮ ಹುಡುಗೀನ ಕರ್ಕೊಂಡು ಹೋಗೋಕೆ ಬಂದ್ರಾ? ಚಿನ್ನದಂಥ ಮನಸ್ಸು ಕಣಪ್ಪ ನಿಂದು! ಬಂಜೆ ಅಂತ ಗೊತ್ತಿದ್ದೂ ಮತ್ತೆ ಮನೆ ತುಂಬಿಸ್ಕೋತೀನಿ ಅಂತ ಬರೋ ಗಂಡಸು ಈ ಕಾಲದಲ್ಲಿ ಎಲ್ಲವ್ನೆ ಹೇಳಿ!"

ಉಳಿದವರು ಹೌದೆಂದು ತಲೆದೂಗಿದರು. ಸುಮ್ಮನೆ ಒಂದು ನಗೆ ನಕ್ಕು ಒಳಗೆ ಹೋಗಿಬಿಡಬಹುದಿತ್ತು. ಇಲ್ಲಿ ಯಾರೂ ಅವನನ್ನು ಕೇಳಿರಲಿಲ್ಲ, ಕಾಗದವಿರಲಿಲ್ಲ, ಲೇಖನಿಯಿರಲಿಲ್ಲ. ನೀಲಮ್ಮ ಈ ಬೀದಿಗೂ ಏನನ್ನೂ ಹೇಳಿಲ್ಲವೆಂಬುದು ಅವನಿಗೆ ಅರಿವಾಯಿತು. ನಾಲ್ಕು ತಿಂಗಳು ಇಲ್ಲಿಯೂ ಆ ಹೆಸರನ್ನು ಹೊತ್ತು, ಬಾಯಿ ಮುಚ್ಚಿಕೊಂಡು ಇದ್ದಾಳೆ!

"ಅಜ್ಜಿ, ಬಂಜೆ ಅವಳಲ್ಲ."

"ಆಂ?"

"ಅವಳಲ್ಲ ಅಂದೆ. ಮೂರು ವರ್ಷ ನಾನು ಷಂಡನಾಗಿದ್ದೆ. ಗಂಡಸಾಗಿ ಹುಟ್ಟಿ ನನ್ನ ಎದೆಯಲ್ಲಿ ಹಾಲು ಬರ್ತಿತ್ತು. ನನ್ನ ಸೋಲು ಮುಚ್ಚಿಡೋಕೆ ವ್ರತ ಅಂತ ದೇವರ ಹೆಸರಿನಲ್ಲಿ ಅವಳಿಗೆ ಸುಳ್ಳು ಹೇಳಿದೆ. ನಮ್ಮ ಮನೆಯಲ್ಲಿ ಅವಳನ್ನ ಬಂಜೆ ಅಂದಾಗಲೆಲ್ಲ ನಾನು ಅಲ್ಲೇ ಇದ್ದೆ, ಕೇಳಿಸ್ಕೊಂಡು ಸುಮ್ಮನಿದ್ದೆ. ಚಿನ್ನದ ಮನಸ್ಸು ನನ್ನದಲ್ಲ ಅಜ್ಜಿ."

ಮೊರದ ಮೇಲಿನ ಕೈಗಳೆಲ್ಲ ನಿಂತವು. ಎದುರು ಮನೆಯ ಗಂಡಸೊಬ್ಬ ಹಲ್ಲುಕಡ್ಡಿಯನ್ನು ಬಾಯಿಯಲ್ಲಿಟ್ಟುಕೊಂಡೇ ತಿರುಗಿ ನೋಡಿದ. ಪಂಚಾಕ್ಷರಿಯ ಕಿವಿಗಳು ಕಾದ ಕಬ್ಬಿಣದಂತಾಗಿದ್ದವು. ಭೂಮಿ ಬಾಯ್ದೆರೆಯಬಾರದೆ ಎನ್ನಿಸಿತು, ಅದು ಬಾಯ್ದೆರೆಯಲಿಲ್ಲ. ಜೇಬಿನಲ್ಲಿ ಎರಡನೆಯ ವರದಿಯಿತ್ತು. ತಾನು ಈಗ ವಾಸಿಯಾಗಿದ್ದೇನೆಂದು ಹೇಳಿಕೊಳ್ಳುವ ಆಸೆ ನಾಲಗೆಯ ತುದಿಯವರೆಗೂ ಬಂತು. ಅದನ್ನು ಅವನು ನುಂಗಿಕೊಂಡ.

ಬಾಗಿಲಲ್ಲಿ ನೀಲಮ್ಮ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ... ಕಣ್ಣು ಒದ್ದೆಯಾಗಿತ್ತು, ಆದರೆ ಮುಖ ಸಡಿಲಾಗಿರಲಿಲ್ಲ.

"ಊಟದ ಹೊತ್ತಾಯ್ತು. ಒಳಗೆ ಬನ್ನಿ."

ಏಕಾಂತಯ್ಯ ಕಾಲಿಗೆ ನೀರು ಕೊಟ್ಟು, ಮೆಲ್ಲನೆ ಕೇಳಿದರು: "ಏನಮ್ಮ, ನಿನ್ನ ಬಟ್ಟೆಬರೆ ಕಟ್ಟಿಡಲಾ?"

"ಇವತ್ತು ಬೇಡ ಅಪ್ಪ. ನನ್ನ ಮನಸ್ಸು ಇನ್ನೂ ದಾರಿಯಲ್ಲಿದೆ. ಬಂದು ಸೇರಿದಾಗ ಹೇಳ್ತೀನಿ."

"ನೀನು ಹೇಳೋವರೆಗೂ ನಾನು ಕೇಳಲ್ಲ," ಎಂದ ಪಂಚಾಕ್ಷರಿ. "ಬರಬಹುದಾ, ಹೀಗೆ, ಭಾನುವಾರಗಳಲ್ಲಿ?"

ನೀಲಮ್ಮ ಮಣೆ ಹಾಕಿ ತಟ್ಟೆ ಇಟ್ಟಳು. ಮುದ್ದೆ, ಹಿತಕಿದ ಬೇಳೆಯ ಸಾರು. ಮದುವೆಯಾದಂದಿನಿಂದ ಗಂಡ ಉಂಡೆದ್ದ ಮೇಲೆಯೇ ಕುಳಿತವಳು ಅಂದು ಇನ್ನೊಂದು ತಟ್ಟೆಯನ್ನು ತಂದು ಅವನ ಎದುರಿಗೇ ಇಟ್ಟುಕೊಂಡು ಕುಳಿತಳು. ತಾನೇ ಬಡಿಸಿಕೊಂಡಳು.

ಪಂಚಾಕ್ಷರಿ ತಟ್ಟೆಯನ್ನೇ ನೋಡುತ್ತಿದ್ದ. ಒಂದು ಹನಿ ಸಾರಿನೊಳಗೆ ಬಿತ್ತು. ತುತ್ತು ಮುರಿಯಲು ಕೈ ಏಳಲಿಲ್ಲ.

"ಬೀದಿಯವರ ಮುಂದೆ ತಲೆ ಎತ್ತಿ ಹೇಳಿದಿರಲ್ಲ," ಎಂದಳು ನೀಲಮ್ಮ. "ನನ್ನ ಮುಂದೆಯೂ ತಲೆ ಎತ್ತಿ. ಸಾರು ಆರುತ್ತೆ, ಊಟ ಮಾಡಿ."

ಅವನು ತಲೆ ಎತ್ತಲು ಬಹಳ ಹೊತ್ತು ಹಿಡಿಯಿತು. ಅವಳು ಅಲ್ಲಿಯವರೆಗೂ ತುತ್ತು ಮುಟ್ಟದೆ ಕಾದಳು.